ಕ್ರಮಸಂಖ್ಯೆ ನಲವತ್ತು

ನಮ್ಮೂರಿನಲ್ಲಿ ಇನಾಮದಾರ ಜನಹಿತ ಪ್ರತಿಷ್ಠಾನದ ಮುದ್ರೆ ಬಿದ್ದ ಅರ್ಜಿಯಲ್ಲಿ ಏನು ಬರೆದಿರುತ್ತದೋ ಅದು ಮರುದಿನ ಬೆಳಗಾಗುವಷ್ಟರಲ್ಲಿ ನಿಜವಾಗಿರುತ್ತದೆ. ಹೀಗಾಗಿ ಅನುದಾನಕ್ಕೆ ಅರ್ಜಿ ಕರೆಯುವ ತಿಂಗಳು ಬಂತೆಂದರೆ ಅರ್ಜಿ ಬರೆಯುವವರಿಗೆ ಎಲ್ಲಿಲ್ಲದ ಮರ್ಯಾದೆ. ಸಂತೆಯಲ್ಲಿ ನಾನು ಬದನೆಕಾಯಿ ಆರಿಸುತ್ತಿದ್ದರೆ ಗುರುತಿಲ್ಲದವರೂ ಬಂದು ಕೈಮುಗಿಯುತ್ತಾರೆ. "ಮಾಸ್ತರ, ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದೀವ್ರಿ. ಯಾರಿಗೂ ಏನೂ ಆಗಿಲ್ಲ. ನೆನಪಿರ್ಲಿ," ಎಂದು ಹೇಳಿ, ನನ್ನ ಚೀಲಕ್ಕೆ ಎರಡು ಮೂಲಂಗಿ ಹಾಕಿ ಹೋಗುತ್ತಾರೆ. ಆ ತಿಂಗಳು ನಾನು ತರಕಾರಿ ಕೊಂಡದ್ದೇ ಕಡಿಮೆ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ದೃಷ್ಟಿದಾನ ಸಂಘದವರು ಒಮ್ಮೆ "ಬಾವಿ ಓಣಿಯ ಪ್ರತಿ ಮೂರನೆಯ ಮನೆಯಲ್ಲಿ ಇರುಳುಗುರುಡು ತಾಂಡವವಾಡುತ್ತಿದೆ" ಎಂದು ಬರೆದರು. ಮುದ್ರೆ ಬಿತ್ತು. ಮರುದಿನ ಸಂಜೆ ಆ ಮನೆಗಳವರು ಗೊಣಗದೆ ಬಾಗಿಲಿನಿಂದ ಪಾಯಖಾನೆಯವರೆಗೆ ಹಗ್ಗ ಕಟ್ಟಿಕೊಂಡರು. ಸಂಘದವರು ನಡುಮಧ್ಯಾಹ್ನ ಬಂದು ಕನ್ನಡಕ ಹಂಚಿ ಫೋಟೋ ತೆಗೆಸಿಕೊಂಡು ಹೋದರು. ಇವತ್ತಿಗೂ ಆ ಓಣಿಯಲ್ಲಿ ಬಾಡಿಗೆ ಮನೆ ಹುಡುಕುವವರು ತುದಿಯಿಂದ ಎಣಿಸಿಕೊಂಡು ಬಂದು, ಮೂರನೆಯದನ್ನು ಬಿಟ್ಟು ನಾಲ್ಕನೆಯದನ್ನು ಹಿಡಿಯುತ್ತಾರೆ. ವೃದ್ಧಾಶ್ರಮದವರ ಕಥೆ ಇನ್ನೊಂದು. "ಹಲ್ಲಿಲ್ಲದ ವೃದ್ಧರು" ಎಂದು ಹೊಡೆಯಬೇಕಾದ ಟೈಪಿಸ್ಟ್ ಸಂಧಿ ಬಿಡಿಸಲು ಹೋಗಿ "ಹಲ್ಲಿ ಇಲ್ಲದ ವೃದ್ಧರು" ಎಂದು ಹೊಡೆದ. ಬೆಳಗಾದರೆ ಆಶ್ರಮದ ಗೋಡೆಗಳ ಮೇಲೆ ಒಂದೇ ಒಂದು ಹಲ್ಲಿ ಇಲ್ಲ, ಮುದುಕರ ಹಲ್ಲುಗಳೆಲ್ಲ ಇದ್ದಲ್ಲೇ ಗಟ್ಟಿಯಾಗಿ ಇವೆ. ಅನುದಾನದಲ್ಲಿ ಬಂದ ಗಂಜಿಯನ್ನು ಅವರು ಮುಟ್ಟದೆ ಕಬ್ಬು ಕೇಳಿದರು. ವ್ಯಾಕರಣವನ್ನು ಸದರ ಮಾಡಿಕೊಂಡರೆ ಹೀಗೆಯೇ ಆಗುತ್ತದೆ ಎಂದು ನಾನು ಆಗ ಊರೆಲ್ಲ ಹೇಳಿಕೊಂಡು ತಿರುಗಿದೆ.

ಹಾಗಾದರೆ ಒಳ್ಳೆಯದನ್ನೇ ಬರೆದರಾಯಿತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಆರಾಮ ಇರುವವರ ಅರ್ಜಿಗೆ ಯಾವ ಪ್ರತಿಷ್ಠಾನ ಮುದ್ರೆ ಹಾಕುತ್ತದೆ? ಮುದ್ರೆ ಬೀಳದ ಕಾಗದ ನಮ್ಮೂರಿನಲ್ಲೂ ಬರೀ ಕಾಗದವೇ.

ನಾನು ಅಡಿವೆಪ್ಪ ಮಾಸ್ತರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಮಗ್ಗುಲಮನೆಯ ಅರ್ಜಿಗಳನ್ನು ಬರೆಯುತ್ತ ಬಂದಿದ್ದೇನೆ. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸಂಸ್ಥೆ ಅದು. ಅದರ ಪೂರ್ಣ ಹೆಸರಿಗೆ ಬೋರ್ಡಿನಲ್ಲಿ ಎರಡು ಸಾಲು ಬೇಕು. ಜನ ಮಗ್ಗುಲಮನೆ ಎನ್ನುತ್ತಾರೆ, ಯಾಕೆಂದರೆ ಅಲ್ಲಿನ ಮುಖ್ಯ ಕೆಲಸ ಎರಡು ತಾಸಿಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸುವುದು. ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅದನ್ನು ಶುರು ಮಾಡಿದವಳು ದ್ಯಾಮಕ್ಕ. ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಗಟ್ಟಿ ಕೈ, ಗಟ್ಟಿ ಬಾಯಿ. ಜೊತೆಗೆ ಇಬ್ಬರು ಹೆಂಗಸರು, ಅಡುಗೆಗೆ ಒಬ್ಬಳು. ವರ್ಷವಿಡೀ ನಡೆಯುವುದು ಪ್ರತಿಷ್ಠಾನದ ಅನುದಾನದ ಮೇಲೆ.

ಏಳನೆಯ ಹಾಸಿಗೆಯ ಮೌಲಾಸಾಬನ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಅವನು ಊರಿನ ಓಣಿಗಳಿಗೆ ನಲ್ಲಿ ನೀರು ಬಿಡುತ್ತಿದ್ದವನು. ನಾನು ಅರ್ಜಿ ಬರೆದ ಮೊದಲ ವರ್ಷ ಮನೆಯಲ್ಲಿ ಮೂವತ್ನಾಲ್ಕು ಜನರಿದ್ದರು. ಮೂವತ್ನಾಲ್ಕು ಎಂದು ಬರೆದರೆ ವಾಕ್ಯಕ್ಕೆ ತೂಕ ಬರುವುದಿಲ್ಲವೆನ್ನಿಸಿ "ಸುಮಾರು ಮೂವತ್ತೈದು" ಎಂದು ಬರೆದೆ. ಮರುದಿನ ಬೆಳಿಗ್ಗೆ ನೀರು ಬಿಡಲು ಹೊರಟ ಮೌಲಾಸಾಬ ತನ್ನ ಹೊಸಿಲ ಮೇಲೆ ಕುಸಿದು ಬಿದ್ದ. ಬಲಗೈ ಬಲಗಾಲು ಹೋದವು. ಆ ಸುಮಾರು ಅವನ ಪಾಲಿಗೆ ಬಂತು. ಅವನಿಗೆ ಇದು ಗೊತ್ತು. ನಾನೇ ಹೋಗಿ ಹೇಳಿದೆ. "ಹೋಗ್ಲಿ ಬಿಡ್ರಿ ಮಾಸ್ತರ, ನಿಮ್ಮ ಕೈ ತಪ್ಪಿತು. ಖರೇ ಹೇಳ್ರಿ, ಯಾವಾಗ ಎದ್ದು ನಿಂದರ್ತೀನಿ?" ಎಂದು ಮಾತ್ರ ಕೇಳಿದ. ಅಂದಿನಿಂದ ನಾನು ಹೋದಾಗಲೆಲ್ಲ ಅದನ್ನೇ ಕೇಳುತ್ತಾನೆ, ಸಿಟ್ಟಿಲ್ಲದೆ, ಬಸ್ಸಿನ ವೇಳೆ ಕೇಳಿದ ಹಾಗೆ. ನನಗೆ ಅವನ ಹಾಸಿಗೆಯ ಬಳಿ ಹೋಗಲು ಇವತ್ತಿಗೂ ಕಾಲು ಬರುವುದಿಲ್ಲ.

ಈ ಪ್ರಕರಣವಾದ ಮೇಲೆ ಪ್ರತಿಷ್ಠಾನ ಒಂದು ಸುಧಾರಣೆ ತಂದಿತು. ಇನ್ನು ಮುಂದೆ ಸುಮಾರು ಎನ್ನುವಂತಿಲ್ಲ, ಪ್ರತಿಯೊಬ್ಬ ಫಲಾನುಭವಿಯ ಹೆಸರು ಕ್ರಮಸಂಖ್ಯೆಯೊಂದಿಗೆ ಬರೆಯಬೇಕು ಎಂದರು. ಅದನ್ನು ಪಾರದರ್ಶಕತೆ ಎಂದು ಕರೆದರು. ಈ ವರ್ಷ ಇನ್ನೊಂದು ಸುತ್ತೋಲೆ ಬಂತು. ನಲವತ್ತಕ್ಕಿಂತ ಕಡಿಮೆ ಫಲಾನುಭವಿಗಳಿರುವ ಸಂಸ್ಥೆಗಳನ್ನು ಪರಿಗಣಿಸಲಾಗುವುದಿಲ್ಲ.

ನಮ್ಮಲ್ಲಿ ಮೂವತ್ತೊಂಬತ್ತು ಜನರಿದ್ದರು. ಹೋದ ತಿಂಗಳವರೆಗೆ ನಲವತ್ತೇ ಇದ್ದರು, ಆದರೆ ದ್ಯಾಮಕ್ಕ ದಿನಾ ಕೈಕಾಲು ತಿಕ್ಕಿ ತಿಕ್ಕಿ ಶಾರದವ್ವ ಎಂಬಾಕೆಯನ್ನು ಎಬ್ಬಿಸಿಬಿಟ್ಟಿದ್ದಳು. ಆಕೆ ಗೋಡೆ ಹಿಡಿದುಕೊಂಡು ನಡೆಯುತ್ತ ಮಗಳ ಮನೆಗೆ ಹೋದದ್ದನ್ನು ಊರೇ ನೋಡಿತ್ತು.

ನಾನು ಪ್ರತಿಷ್ಠಾನದ ಗುಮಾಸ್ತ ಗಲಗಲಿಯವರ ಮುಂದೆ ಹೋಗಿ ಕೂತೆ. ಗಲಗಲಿಯವರು ಕೆಟ್ಟವರಲ್ಲ. ಯಾವ ಕಾಗದವನ್ನೂ ಓದದೆ, ಎಣಿಸಿ, ಪಿನ್ನು ಚುಚ್ಚಿ ಇಡುವ ಶಿಸ್ತಿನ ಮನುಷ್ಯ.

"ತಪ್ಪು ನಿಮ್ಮದ ಅದ, ಮಾಸ್ತರ," ಎಂದರು. "ನಲವತ್ತು ಮಂದಿ ಇದ್ರು. ಒಬ್ಬಾಕಿನ್ನ ಯಾಕ ಆರಾಮ ಮಾಡಿದ್ರಿ?"

"ಸಂಸ್ಥಾ ಇರೋದ ಅದಕ್ಕಲ್ರೀ?"

"ಇರಬಹುದು. ಆದ್ರ ಅರ್ಜಿ ಹಾಕೂಕಿಂತ ಮೊದಲ ಮಾಡಬಾರದು. ಮಂಜೂರಾದ ಮ್ಯಾಲೆ ಮಾಡ್ರಿ, ಯಾರು ಬ್ಯಾಡ ಅಂತಾರ?"

"ಒಬ್ಬರು ಕಡಿಮಿ ಇದ್ರ ಸಾಹೇಬ್ರು ನಡಸಿಕೊಡೂದಿಲ್ಲೇನು?"

"ಸಾಹೇಬ್ರು ಓದೂದಿಲ್ಲ. ಕಡೀ ಕ್ರಮಸಂಖ್ಯೆ ಎಷ್ಟಂತ ಕೇಳ್ತಾರ, ಶಿಕ್ಕಾ ಹೊಡೀತಾರ. ನಲವತ್ತು ಅಂದ್ರ ಹೊಡೀತಾರ, ಮೂವತ್ತೊಂಬತ್ತು ಅಂದ್ರ ಹೊಡ್ಯೂದಿಲ್ಲ."

ಸಾಹೇಬರೆಂದರೆ ರಾಚಪ್ಪ ಇನಾಮದಾರರು, ಪ್ರತಿಷ್ಠಾನದ ಅಧ್ಯಕ್ಷರು. ಅವರ ಅಜ್ಜ ಮಾಡಿಟ್ಟ ನಿಧಿ, ಶಿಕ್ಕಾ ಎಂದರೆ ಅಜ್ಜ ಕೆತ್ತಿಸಿದ ಹಿತ್ತಾಳೆಯ ಮುದ್ರೆ. ಅದನ್ನು ಅಧ್ಯಕ್ಷರ ಬಲಗೈಯೇ ಒತ್ತಬೇಕು.

ಅನುದಾನ ನಿಂತರೆ ಮಗ್ಗುಲಮನೆಗೆ ಬೀಗ. ಮೂವತ್ತೊಂಬತ್ತು ಜನರನ್ನು ಅವರವರ ಮನೆಗೆ ಒಯ್ದು ಮಲಗಿಸಬೇಕು. ಅರ್ಧ ಜನಕ್ಕೆ ಮನೆಯೇ ಇರಲಿಲ್ಲ, ಉಳಿದರ್ಧ ಜನರ ಮನೆಯಲ್ಲಿ ಮಗ್ಗುಲು ಬದಲಿಸುವವರು ಇರಲಿಲ್ಲ. ಒಂದು ಹೆಸರು ಬರೆದರೆ ಮನೆ ಉಳಿಯುತ್ತದೆ, ಆದರೆ ಆ ಹೆಸರಿನವರು ಬೆಳಗಾಗುವುದರೊಳಗೆ ಬೀಳುತ್ತಾರೆ. ಸುದ್ದಿ ಹಬ್ಬಿತು. ನನ್ನ ಮನೆಯ ಕಟ್ಟೆಯ ಮೇಲೆ ಮೂಲಂಗಿ, ಕೊತ್ತಂಬರಿ, ಒಂದು ಡಬ್ಬಿ ಕರದಂಟು ಬಂದು ಕೂತವು. ಕೆಲವರು ಸಲಹೆಯನ್ನೂ ತಂದರು. ಒಬ್ಬಾಕೆ ಗಂಡನ ಹೆಸರು ಚೀಟಿಯಲ್ಲಿ ಬರೆದುಕೊಂಡು ಬಂದು, "ಹೆಂಗೂ ಇವ್ರು ಕಟ್ಟಿ ಬಿಟ್ಟು ಏಳೂದಿಲ್ರಿ. ಅಲ್ಲೆ ಹೊತ್ತಹೊತ್ತಿಗೆ ಊಟಾನರ ಸಿಗ್ತೈತಿ," ಎಂದಳು. ಪುರಸಭೆಯ ಸದಸ್ಯರೊಬ್ಬರು ತಮ್ಮ ಎದುರಾಳಿಯ ಹೆಸರು ಹೇಳಿ, ಇದರಲ್ಲಿ ರಾಜಕೀಯ ಏನೂ ಇಲ್ಲ ಎಂದರು. ಸತ್ತವರ ಹೆಸರು ಬರೆದರಾಯಿತು ಎಂದವರೂ ಇದ್ದರು. ಅದನ್ನು ಹಿಂದೊಮ್ಮೆ ರಕ್ತದಾನ ಸಂಘದವರು ಮಾಡಿ ನೋಡಿದ್ದರು. ಆ ಕಥೆ ಬೇಡ.

ಕೊನೆಯ ದಿನ ಮಧ್ಯಾಹ್ನ ಮಗ್ಗುಲಮನೆಯ ಪಡಸಾಲೆಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದೆ. ದ್ಯಾಮಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಕ್ಕರಿಸಿದಳು.

"ನನ್ನ ಹೆಸರ ಬರ್ದಬಿಡ್ರಿ ಮಾಸ್ತರ."

"ತಲಿ ಕೆಟ್ಟೈತೇನು ನಿಂಗ?"

"ತಲಿ ಅಲ್ರಿ, ಸೊಂಟ ಕೆಟ್ಟೈತಿ. ಹನ್ನೊಂದು ವರ್ಷ ಮಂದೀನ್ನ ಮಗ್ಗಲ ಹೊಳ್ಳಿಸಿ ಹಾಕೇನಿ. ನನ್ನ ಯಾರರ ಒಂದ ಸಲ ಹೊಳ್ಳಿಸಿ ಹಾಕ್ಲಿ."

ನಗುತ್ತಲೇ ಹೇಳಿದಳು. ಆದರೆ ಅದು ಪೂರ್ತಿ ನಗೆಯಲ್ಲವೆಂದು ಗೊತ್ತಾಗಿ ನನಗೆ ಅವಳ ಮುಖ ನೋಡಲಾಗಲಿಲ್ಲ. ಬೈದು ಒಳಗೆ ಕಳಿಸಿದೆ.

ನನ್ನ ಹೆಸರೇ ನನಗೆ ನೆನಪಾಗಲಿಲ್ಲವೇ ಎಂದು ಕೇಳಬಹುದು. ನೆನಪಾಯಿತು. ಪೆನ್ನಿನ ತುದಿಯವರೆಗೂ ಬಂತು. ನಾನು ಹೇಡಿ, ಬರೆಯಲಿಲ್ಲ. ಗಲಗಲಿಯವರ ಆಳು ಬಾಗಿಲಲ್ಲಿ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದ. ಪ್ರತಿ ಸಾಲಿನಲ್ಲೂ ಕ್ರಮಸಂಖ್ಯೆ, ಹೆಸರು, ಆಮೇಲೆ ಒಂದೇ ಒಕ್ಕಣೆ: "ತಮ್ಮ ಬಲಗೈ, ಬಲಗಾಲು ಆಡದೆ ಹಾಸಿಗೆ ಹಿಡಿದಿರುತ್ತಾರೆ." ನಲವತ್ತನೆಯ ಸಾಲಿಗೆ ಕ್ರಮಸಂಖ್ಯೆ ಹಾಕಿದೆ, ಹೆಸರಿನ ಜಾಗವನ್ನು ಖಾಲಿ ಬಿಟ್ಟೆ, ಒಕ್ಕಣೆಯನ್ನು ಮೇಲಿನಂತೆಯೇ ನಕಲು ಮಾಡಿದೆ. ಹೆಸರಿಲ್ಲದ ಮೇಲೆ ಯಾರಿಗೂ ಏನೂ ಆಗುವುದಿಲ್ಲ, ಎಣಿಸುವವರಿಗೆ ನಲವತ್ತು ಸಿಗುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಮನೆಗೆ ಹೋಗಿ ಕರದಂಟು ತಿಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗಲಗಲಿಯವರು ಚಪ್ಪಲಿ ಕೂಡ ಇಲ್ಲದೆ ಓಡುತ್ತ ನಮ್ಮ ಮನೆಗೆ ಬಂದರು. ಕೈಯಲ್ಲಿ ಮುದ್ರೆ ಬಿದ್ದ ಅರ್ಜಿ.

"ಮಾಸ್ತರ, ನಲವತ್ತನೇ ಸಾಲಿನ್ಯಾಗ ಹೆಸರ ಎಲ್ಲಿ ಅದ?"

"ಇಲ್ಲ."

"ಹಂಗಾದ್ರ 'ತಮ್ಮ ಬಲಗೈ' ಅಂದ್ರ ಯಾರದು?"

ನಾನು ಕಾಗದ ಇಸಿದುಕೊಂಡು ಓದಿದೆ. ಮೇಲೆ ದಪ್ಪಕ್ಷರದಲ್ಲಿ "ಮಾನ್ಯ ಅಧ್ಯಕ್ಷರಾದ ತಮ್ಮಲ್ಲಿ ಅರಿಕೆ" ಎಂದಿತ್ತು. ಮೂವತ್ತೊಂಬತ್ತು ಸಾಲುಗಳಲ್ಲಿ ಹೆಸರಿತ್ತು, "ತಮ್ಮ" ಎಂಬುದು ಆ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ನಲವತ್ತನೆಯದರಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದ "ತಮ್ಮ" ಯಾರಿಗೆ ಅರ್ಜಿ ಬರೆದಿದೆಯೋ ಅವರದೇ ಆಗುತ್ತದೆ. ಇದನ್ನು ನಾನು ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಕಲಿಸುತ್ತಿದ್ದೆ. ಬೇಕೆಂದೇ ಬರೆದೆ ಎಂದು ಊರಲ್ಲಿ ಅರ್ಧ ಜನ ಇಂದಿಗೂ ನಂಬಿದ್ದಾರೆ, ಹೊಗಳುತ್ತಾರೆ ಕೂಡ. ಇಲ್ಲ, ನಾನು ಅಷ್ಟು ಧೈರ್ಯದವನಲ್ಲ.

"ಸಾಹೇಬ್ರಿಗೆ ಬೆಳಿಗ್ಗೆ ಚಹಾದ ಕಪ್ಪು ಎತ್ಲಿಕ್ಕೆ ಆಗಲಿಲ್ಲ," ಎಂದು ಹೇಳಿ ಗಲಗಲಿಯವರು ನನ್ನ ಕಟ್ಟೆಯ ಮೇಲೆ ಕೂತುಬಿಟ್ಟರು.

ನನ್ನ ಮೇಲೆ ಏನು ಕ್ರಮ ಕೈಗೊಳ್ಳಬೇಕೆಂದು ಪ್ರತಿಷ್ಠಾನದ ವಿಶ್ವಸ್ತರು ಮೂರು ದಿನ ಸಭೆ ಮಾಡಿದರು. ಮುದ್ರೆ ಬಿದ್ದ ಅರ್ಜಿಯಲ್ಲಿ ಸುಳ್ಳು ಇರುವುದಿಲ್ಲ, ಸತ್ಯ ಬರೆದವನಿಗೆ ಏನೆಂದು ಶಿಕ್ಷೆ ಕೊಡುವುದು? ಅದರ ಬದಲು ಗಲಗಲಿಯವರು ಇನ್ನೊಂದು ನಿಯಮ ಹುಡುಕಿ ತಂದರು. ಪಟ್ಟಿಯಲ್ಲಿರುವ ಫಲಾನುಭವಿಗಳೆಲ್ಲರೂ ಸಂಸ್ಥೆಯಲ್ಲಿಯೇ ವಾಸವಾಗಿರತಕ್ಕದ್ದು. ಹೀಗೆ ರಾಚಪ್ಪ ಇನಾಮದಾರರು ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಮಗ್ಗುಲಮನೆಗೆ ಬಂದರು. ಅನುದಾನವೂ ಬಂತು. ಮನೆ ಉಳಿಯಿತು.

ಸಾಹೇಬರಿಗೆ ಸಿಕ್ಕಿದ್ದು ಶಾರದವ್ವ ಬಿಟ್ಟುಹೋದ ಎಂಟನೆಯ ಹಾಸಿಗೆ, ಮೌಲಾಸಾಬನ ಪಕ್ಕ. ಮೊದಲ ದಿನ ಬೇರೆ ಕೋಣೆ ಕೇಳಿದರು. ಇರಲಿಲ್ಲ. ಗಾದಿ ತೆಳುವಾಯಿತು ಎಂದರು. ಗಾದಿಯ ದಪ್ಪ ಎಷ್ಟಿರಬೇಕೆಂದು ಹಿಂದೆ ಅವರೇ ನಿಗದಿ ಮಾಡಿದ್ದರು. ಎರಡನೆಯ ದಿನ ಮೌಲಾಸಾಬ ಅವರಿಗೆ, "ನೊಣ ಕುಂತ್ರ ಎಡಗೈಲೆ ಹೊಡೀರಿ ಸಾಹೇಬ್ರ. ಒಂದ ವಾರದಾಗ ರೂಢಿ ಆಗ್ತೈತಿ," ಎಂದು ಹೇಳಿಕೊಟ್ಟ. ದ್ಯಾಮಕ್ಕ ಎಲ್ಲರನ್ನೂ ಹೊಳ್ಳಿಸಿದ ಹಾಗೆ ಅವರನ್ನೂ ಹೊಳ್ಳಿಸಿದಳು, ಎಲ್ಲರಿಗೂ ಬೈದ ಹಾಗೆ ಬೈದಳು. ತಿಂಗಳೊಳಗೆ ಸಾಹೇಬರು ಸುತ್ತಲಿನವರನ್ನು ಫಲಾನುಭವಿಗಳು ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದರು. ಒಂದು ದಿನ ನನ್ನನ್ನು ಕರೆದು, "ಮಾಸ್ತರ, ಇಲ್ಲಿ ಎರಡು ತಾಸು ಅನ್ನೂದು ಭಾಳ ಉದ್ದ ಅದ," ಎಂದರು. ನನಗೆ ಅವರ ಮೇಲಿದ್ದ ಸಿಟ್ಟು ಅಂದು ಇಳಿಯಿತು.

ಎರಡು ತಿಂಗಳಾದ ಮೇಲೆ ಒಂದು ಬುಧವಾರ ಗಲಗಲಿಯವರು ಬಂದು ಹಾಸಿಗೆಯ ಅಂಚಿನಲ್ಲಿ ನಿಂತರು. ಕುರ್ಚಿಯಲ್ಲಿ ಕೂರಲಾಗದವರು ಅಧ್ಯಕ್ಷರಾಗಿರುವಂತಿಲ್ಲ ಎಂದು ವಿಶ್ವಸ್ತರು ಠರಾವು ಮಾಡಿದ್ದರು. ಶುಕ್ರವಾರದಿಂದ ಮುದ್ರೆ ಸಾಹೇಬರ ಅಳಿಯನ ಕೈಗೆ ಹೋಗುವುದಿತ್ತು. ಸಾಹೇಬರು ಮಾಳಿಗೆಯ ಜಂತಿಯಿಂದ ಕಣ್ಣು ಇಳಿಸಿ ಕೇಳಿದರು.

"ಗಲಗಲಿ, ಅರ್ಜಿ ಹಿಂದಿನ ಪುಟದಾಗೂ ಶಿಕ್ಕಾಕ್ಕ ಒಂದು ಚೌಕ ಇರ್ತದಲ್ಲ, ಅದು ಯಾಕ?"

"ಅದು ಫಲಿತಾಂಶದ್ದು, ಸಾಹೇಬ್ರ, ಅರ್ಜಿ ಬರ್ಯೂವಾಗನ ಬರದಿರ್ತಾರ. ಅಧ್ಯಕ್ಷರು ಖುದ್ದು ಸಂಸ್ಥಾಕ್ಕ ಬಂದು, ನೋಡಿ, ಅಲ್ಲೇ ಶಿಕ್ಕಾ ಹೊಡೀಬೇಕಂತ ನಿಯಮ ಅದ. ನಿಮ್ಮ ಅಜ್ಜಾರು ಹೋದ ಮ್ಯಾಲೆ ಯಾರೂ ಯಾವ ಸಂಸ್ಥಾಕ್ಕೂ ಬಂದಿಲ್ಲ. ಹಂಗ ಖಾಲಿ ಉಳೀತದ."

"ಈಗ ನಾ ಎಲ್ಲಿದ್ದೀನಿ?"

ಗಲಗಲಿಯವರು ಸುತ್ತ ನೋಡಿದರು, ಎಲ್ಲಿದ್ದೇವೆಂದು ಅವರಿಗೂ ಆಗಲೇ ಹೊಳೆದ ಹಾಗೆ. ಮೌಲಾಸಾಬ ಎಡ ಮೊಣಕೈಯೂರಿ ಅರ್ಧ ಎದ್ದ.

"ಅಲ್ಲಿ ಬರದದ್ದೂ ಖರೇ ಆಗ್ತೈತೇನ್ರಿ?"

"ಶಿಕ್ಕಾ ಅಂದ್ರ ಶಿಕ್ಕಾನ," ಎಂದರು ಗಲಗಲಿಯವರು.

ಆ ದಿನ ಮಗ್ಗುಲಮನೆ ಮದುವೆ ಮನೆಯಾಯಿತು. ಗಂಡಸರಿಗೆ ಕ್ಷೌರ, ಹೆಂಗಸರಿಗೆ ತಲೆಸ್ನಾನ. ಎಲ್ಲರೂ ಮನೆಗೆ ಹೇಳಿಕಳಿಸಿ ಚಪ್ಪಲಿ ತರಿಸಿದರು. ಚಪ್ಪಲಿಯೇ ಇಲ್ಲದವರಿಗೆ ದ್ಯಾಮಕ್ಕ ಸಾಲ ತಂದಳು. "ಯಾವಾಗ ಏಳ್ತೀನಿ ಅಂತ ಇನ್ನ ಕೇಳಂಗಿಲ್ರಿ ಮಾಸ್ತರ, ನಾಡದು ಬೆಳಿಗ್ಗೆ ನಿಮ್ಮ ಓಣೀಗೇ ಮೊದಲ ನೀರು ಬಿಡ್ತೀನಿ," ಎಂದ ಮೌಲಾಸಾಬ. ನಾನು ಅವನ ಕೈ ಹಿಡಿದುಕೊಂಡು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಗಲಗಲಿಯವರು ಅರ್ಜಿಯನ್ನೂ ಮುದ್ರೆಯನ್ನೂ ತಂದರು. ಸಾಹೇಬರ ಬಲಗೈ ಹಾಸಿಗೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. "ಏಳವೊಲ್ದು," ಎಂದರು. "ನಾ ಎತ್ತತೀನ್ರಿ, ಅದ ನನ್ನ ಕೆಲಸ," ಎಂದು ದ್ಯಾಮಕ್ಕ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುದ್ರೆ ಹಿಡಿಸಿದಳು. ಗಲಗಲಿಯವರು ಅರ್ಜಿಯ ಹಿಂದಿನ ಪುಟ ತಿರುಗಿಸಿ ಹಲಗೆಯ ಮೇಲಿಟ್ಟರು. ಆಗ, ಅವರ ತೋಳಿನ ಸಂದಿಯಿಂದ, ನನ್ನ ಅಕ್ಷರ ನನಗೆ ಕಂಡಿತು. ಪ್ರತಿ ವರ್ಷ ಅದೇ ವಾಕ್ಯವನ್ನು ಕಣ್ಣು ಮುಚ್ಚಿ ನಕಲು ಮಾಡುತ್ತಿದ್ದೆ, ಯಾರೂ ಓದುವುದಿಲ್ಲವಲ್ಲ ಎಂದು. ಒಂದಕ್ಷರ ತಿದ್ದಿದರೂ ಅರ್ಜಿ ರದ್ದು. ಬಾಯಿ ತೆರೆದೆ. ಅಷ್ಟರಲ್ಲಿ ಮುದ್ರೆ ಬಿದ್ದಿತ್ತು. ನಾನು ಯಾರಿಗೂ ಏನೂ ಹೇಳಲಿಲ್ಲ. ಬರೆದದ್ದು ಹೇಗೇ ಇರಲಿ, ನನ್ನ ಮನಸ್ಸಿನಲ್ಲಿದ್ದದ್ದು ಏನೆಂದು ಆ ವಾಕ್ಯಕ್ಕೆ ತಿಳಿದೀತು ಎಂದುಕೊಂಡೆ.

ಶುಕ್ರವಾರದಂಥ ಬೆಳಗನ್ನು ನಮ್ಮೂರು ಕಂಡಿರಲಿಲ್ಲ. ಬಿಸಿಲು ಹದವಾಗಿತ್ತು, ತಂಪು ಗಾಳಿ ಬೀಸುತ್ತಿತ್ತು. ಗಟಾರದ ವಾಸನೆ ಇಲ್ಲ, ಧೂಳಿಲ್ಲ, ನೊಣವಿಲ್ಲ. ಮಗ್ಗುಲಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಒಳಗೆ ನಲವತ್ತು ಜನ ಸ್ನಾನ ಮಾಡಿ, ತಲೆ ಬಾಚಿ, ಕಾಲಿಗೆ ಚಪ್ಪಲಿ ತೊಟ್ಟುಕೊಂಡು ಹಾಸಿಗೆಯ ಮೇಲೆ ಮಲಗಿದ್ದರು. ಒಬ್ಬರೂ ಎದ್ದಿರಲಿಲ್ಲ. ಸಾಹೇಬರು ಗೋಡೆಯ ಕಡೆ ಮುಖ ಮಾಡಿದ್ದರು.

"ಗಾಳಿ ಚಲೋ ಬೀಸಾಕತ್ತೈತ್ರಿ ಮಾಸ್ತರ," ಎಂದ ಮೌಲಾಸಾಬ. ನನ್ನ ಮುಖ ನೋಡಿ ಸಮಾಧಾನಕ್ಕೆಂದು ಹೇಳಿದ.

ದ್ಯಾಮಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. "ಏನ್ ಬರದಿದ್ರಿ?"

ನಾನು ಹೇಳಿದೆ. ನೋಡುವ ಅಗತ್ಯವಿರಲಿಲ್ಲ, ಬಾಯಿಪಾಠವಿತ್ತು. "ಯೋಜನೆಯ ಫಲವಾಗಿ ಸದರಿ ಫಲಾನುಭವಿಗಳ ಸರ್ವತೋಮುಖ ಏಳಿಗೆಗೆ ಪೂರಕವಾದ ವಾತಾವರಣ ನಿರ್ಮಾಣಗೊಂಡಿರುತ್ತದೆ."

ಅವಳು ಕಿಟಕಿಯಾಚೆಯ ವಾತಾವರಣವನ್ನು ಒಮ್ಮೆ ನೋಡಿದಳು.

"ಅದರಾಗ ಏಳ್ತಾರ ಅಂತ ಐತೇನ್ರಿ?"

"ಏಳಿಗೆ ಅಂತ ಐತಿ."

"ಏಳಿಗೆ ಅಂದ್ರ ಏಳೂದ?"

"ಅಲ್ಲ."

"ಮತ್ತೇನ್ರಿ ಅದು?"

ಮೂವತ್ತೊಂದು ವರ್ಷ ಕನ್ನಡ ಕಲಿಸಿದ ನಾನು ಅದರ ಅರ್ಥ ಹೇಳಲು ನಿಂತೆ. "ಏಳಿಗೆ ಅಂದ್ರ ಏಳಿಗೆ," ಎಂದೆ. ಅವಳು ಗೋಡೆಯ ಗಡಿಯಾರ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಳನೆಯ ಹಾಸಿಗೆಯ ಬಳಿ ಹೋಗಿ ಮೌಲಾಸಾಬನ ಚಪ್ಪಲಿ ಕಳಚಿ ಕೆಳಗಿಟ್ಟಳು.

"ಬರ್ರಿ ಮಾಸ್ತರ," ಎಂದಳು. "ಆ ಕಡಿಂದ ಹಿಡೀರಿ."